ಮಿಲ್ಟ್ರಿ ಮಡಿವಾಳೆಪ್ಪನ ಐಸ್ ಹಾಕಿ

ಮಡಿವಾಳೆಪ್ಪ ಮಿಲ್ಟ್ರಿಯಿಂದ ನಿವೃತ್ತನಾಗಿ ಕುಬಿಹಾಳಕ್ಕೆ ಬಂದ ಮೇಲೆ ಮಾಡಿದ ಮೊದಲ ತಪ್ಪೆಂದರೆ, ಅಲ್ಲಿ ತಾನು ಏನು ಆಡುತ್ತಿದ್ದೆ ಎಂಬುದನ್ನು ಊರಿಗೆ ಹೇಳಿದ್ದು. ಬಸ್ ನಿಲ್ಲುವ ಕಡೆಯ ಚಹಾದಂಗಡಿಯಲ್ಲಿ ಕುಳಿತವರೆಲ್ಲ ಗಡಿ, ಬಂದೂಕು, ಗುಂಡಿನ ಸುದ್ದಿ ಕೇಳಲು ಕಿವಿ ನಿಮಿರಿಸಿಕೊಂಡಿದ್ದರು. ಅವನು ಅದನ್ನೆಲ್ಲ ಬಿಟ್ಟು, ಲಡಾಖಿನಲ್ಲಿ ಐಸ್ ಹಾಕಿ ಆಡುತ್ತಿದ್ದೆ ಎಂದ.

"ಐಸ್ ಹಾಕಿ ಏನ್ ಆಡ್ತಿದ್ದಿ?" ಎಂದು ಕೇಳಿದರು ಅವನ ಚಿಕ್ಕಪ್ಪ ಭೀಮಶಿ ಕಾಕಾ. ಅವರಿಗೆ ಗೊತ್ತಿದ್ದ ಮಟ್ಟಿಗೆ ಐಸ್ ಹಾಕುವುದು ಕಬ್ಬಿನ ಹಾಲಿಗೆ.

"ಅದರ ಹೆಸರೇ ಐಸ್ ಹಾಕಿ, ಕಾಕಾ."

"ಹೆಸರು ಇರ್ಲಿ. ಐಸ್ ಹಾಕಿದ ಮ್ಯಾಲ ಆಡೂದೇನು?"

ನೀರು ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ನಿಂತು ಆಡುತ್ತಾರೆ, ತಾನು ಅದರಲ್ಲಿ ಗೋಲಿ ಆಗಿದ್ದೆ, ಅಂದರೆ ಗೋಲು ಕಾಯುವವನು, ಎಂದು ಮಡಿವಾಳೆಪ್ಪ ಬಿಡಿಸಿ ಹೇಳುವಷ್ಟರಲ್ಲಿ ತಡವಾಗಿತ್ತು. ಗೋಲಿ ಎಂಬ ಮಾತು ಅಂಗಡಿಯಿಂದ ಎದ್ದು ಊರೊಳಗೆ ಹೋಗಿಬಿಟ್ಟಿತ್ತು. ಸರಕಾರ ನಮ್ಮ ಮಡಿವಾಳೆಪ್ಪನಿಗೆ ಇಷ್ಟು ವರ್ಷ ಅನ್ನ ಹಾಕಿ, ಬಟ್ಟೆ ಕೊಟ್ಟು, ಐಸಿನ ಗೋಲಿ ಆಡಿಸಿ ಕಳಿಸಿದೆ ಎಂದು ಸಂಜೆಯ ಹೊತ್ತಿಗೆ ಇಡೀ ಕುಬಿಹಾಳಕ್ಕೆ ತಿಳಿಯಿತು. ನಳದ ಕಟ್ಟೆಯಲ್ಲಿ ಹೆಂಗಸರು ಅವನ ಹೆಂಡತಿ ರೇವವ್ವನನ್ನು ಕೇಳಿದರು. ರೇವವ್ವ ಕೊಡ ತುಂಬಿಕೊಂಡು, "ಅವರು ಏನ್ ಆಡಿದ್ರೂ ಪಗಾರ ಮನಿಗೆ ಬರ್ತಿತ್ತು" ಎಂದಷ್ಟೇ ಹೇಳಿ ಬಂದಳು.

ಆಟ ಅವನಾಗಿ ಹುಡುಕಿಕೊಂಡು ಹೋದದ್ದಲ್ಲ. ಗರಡಿಮನೆಯಲ್ಲಿ ಬೆಳೆದ ಮೈ, ಬಾಗಿಲ ತುಂಬ ನಿಲ್ಲುವಂಥ ಆಳು. ಲಡಾಖಿನ ಮೊದಲ ಚಳಿಗಾಲದಲ್ಲಿ ಕೆರೆಯೊಂದು ಕಲ್ಲಾದಾಗ, ಆ ಆಟದ ಹುಚ್ಚಿದ್ದ ಸಾಹೇಬರೊಬ್ಬರು ಜವಾನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗಿಂತ ಅಗಲ ಇದ್ದವನನ್ನು ಬೆರಳು ಮಾಡಿ ಕರೆದರು. ಕತ್ತಿಯಲಗಿನ ಬೂಟು ಹಾಕಿಕೊಂಡು ಮಡಿವಾಳೆಪ್ಪನಿಗೆ ನಿಲ್ಲಲಿಕ್ಕೇ ಬರುತ್ತಿರಲಿಲ್ಲ. ಪ್ರತಿ ಆಟದ ಮೊದಲು ಇಬ್ಬರು ಜವಾನರು ಅವನನ್ನು ಎರಡೂ ರಟ್ಟೆ ಹಿಡಿದು, ತಿಜೋರಿ ಸಾಗಿಸುವ ಹಾಗೆ ಗೋಲಿನವರೆಗೆ ಎಳೆದು ತಂದು ಬಿಡುತ್ತಿದ್ದರು. ಮುಗಿದ ಮೇಲೆ ಹಾಗೆಯೇ ಎಳೆದುಕೊಂಡು ಹೋಗುತ್ತಿದ್ದರು. ನಡುವೆ ಅವನು ನಿಂತಿರುತ್ತಿದ್ದ. ಎದುರಾಳಿಗಳು ಹೊಡೆದ ರಬ್ಬರಿನ ಬಿಲ್ಲೆ ಅವನ ಎದೆಗೆ, ಮೊಣಕಾಲಿಗೆ, ಹೊಟ್ಟೆಗೆ ಬಡಿದು ಬೀಳುತ್ತಿತ್ತು. ಎಂಥ ಧೈರ್ಯ, ಒಂಚೂರೂ ಅಲುಗುವುದಿಲ್ಲ ಎಂದು ಸಾಹೇಬರು ಹೊಗಳಿದರು. ಅಲುಗಿದರೆ ಬೀಳುತ್ತೇನೆ ಎಂಬುದನ್ನು ಮಡಿವಾಳೆಪ್ಪ ಯಾರಿಗೂ ಹೇಳಲಿಲ್ಲ.

ಅವನಿಗೆ ನಿಜವಾಗಿ ಆಟ ಕಲಿಸಿದವರು ಹಂಗೇರಿ ದೇಶದ ಗಾಬೋರ್ ಎಂಬವರು. ಒಂದು ಕಾಲಕ್ಕೆ ತಮ್ಮ ದೇಶದ ಪರವಾಗಿ ಆಡಿದವರು. ಮೊಣಕಾಲು ಕೆಟ್ಟ ಮೇಲೆ ಅಲ್ಲಿಯ ಐಸ್ ಹಾಕಿ ಒಕ್ಕೂಟದಲ್ಲಿ ಅಧಿಕಾರಿಯಾಗಿ, ಚಳಿಗಾಲದಲ್ಲಿ ಈ ಆಟ ಇನ್ನೂ ಬೇರು ಬಿಡದ ದೇಶಗಳಿಗೆ ಹೋಗಿ ಕಲಿಸಿ ಬರುತ್ತಿದ್ದರು. ಅವರು ಮಡಿವಾಳೆಪ್ಪನ ಬೆನ್ನು ತಟ್ಟಿ, ಗೋಡೆ ಚೆನ್ನಾಗಿದೆ, ಈಗ ಗೋಡೆಗೆ ನಡೆಯುವುದನ್ನು ಕಲಿಸೋಣ ಎಂದರು. ಬೀಳುವುದು ಹೇಗೆ, ಬಿದ್ದವನು ಎದ್ದು ಮತ್ತೆ ಗೋಲಿಗೆ ಅಡ್ಡ ಬರುವುದು ಹೇಗೆ ಎಂದು ಒಂದು ಚಳಿಗಾಲವಿಡೀ ಕಲಿಸಿದರು. ಒಂದು ಸಲ ಚಹಾ ಕುಡಿಯುತ್ತ ತಮ್ಮ ಕತೆಯನ್ನೂ ಹೇಳಿದರು. ಆಡುವಾಗ ಕುರ್ಚಿಯ ಮೇಲೆ ಕೂತ ಅಧಿಕಾರಿಗಳನ್ನು ಮನಸಾರೆ ಬಯ್ಯುತ್ತಿದ್ದರಂತೆ. ಕಾಲು ಹೋದ ಮೇಲೆ ಅದೇ ಕುರ್ಚಿ ಅವರಿಗೆ ಸಿಕ್ಕಿತು. ಮೈದಾನ ಗೊತ್ತು ಮಾಡುವವನು, ಬಸ್ಸು ಹುಡುಕುವವನು, ಗೋಲಿನ ಹರಿದ ಜಾಳಿಗೆ ಹೊಲಿಸುವವನು ಒಬ್ಬನಿಲ್ಲದಿದ್ದರೆ ಎಂಥ ಆಟಗಾರನೂ ಮನೆಯಲ್ಲೇ ಕೂರಬೇಕು ಎಂಬುದು ಆಗ ತಿಳಿಯಿತಂತೆ.

ಮಡಿವಾಳೆಪ್ಪ ಇಷ್ಟನ್ನೂ ತಲೆ ಅಲ್ಲಾಡಿಸಿ ಕೇಳಿದ. ಮನಸ್ಸಿನಲ್ಲಿ ನಿಂತದ್ದು ಮಾತ್ರ ಕುರ್ಚಿ.

ಊರಿಗೆ ಬಂದ ಮೇಲೆ ಅವನಿಗೆ ಕುಂದಗೋಳದ ಬ್ಯಾಂಕೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿತು. ಬಾಗಿಲಲ್ಲಿ ಬಂದೂಕು ಹಿಡಿದು ಕುಳಿತಿದ್ದಾಗ ಒಂದು ದಿನ ಬೆಂಗಳೂರಿನಿಂದ ಫೋನು ಬಂತು. ರಾಜ್ಯದಲ್ಲಿ ಹೊಸದಾಗಿ ಐಸ್ ಹಾಕಿ ಸಂಘ ಕಟ್ಟಿದವರು ಪ್ರತಿ ಜಿಲ್ಲೆಗೂ ಒಂದು ಶಾಖೆ ಬೇಕೆಂದು, ಧಾರವಾಡದ ಕಡೆ ಐಸು ಕಂಡ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದರು. ಹಳೆಯ ಜವಾನ ಗೆಳೆಯನೊಬ್ಬ ಇವನ ಹೆಸರು ಹೇಳಿದ್ದ. ಜಿಲ್ಲಾ ಕಾರ್ಯದರ್ಶಿ ಆಗುತ್ತೀರಾ ಎಂದು ಆ ಕಡೆಯವರು ಕೇಳಿದ್ದೇ ತಡ, ಮಡಿವಾಳೆಪ್ಪ ಎದ್ದು ನಿಂತು ಫೋನಿಗೇ ಸೆಲ್ಯೂಟ್ ಹೊಡೆದ. ಹಣ ತುಂಬಲು ಸಾಲಿನಲ್ಲಿ ನಿಂತಿದ್ದವರೂ ಏನೋ ಆಯಿತೆಂದು ನೆಟ್ಟಗೆ ನಿಂತರು.

ಬೋರ್ಡು ಮರುವಾರವೇ ತಯಾರಾಯಿತು. "ಧಾರವಾಡ ಜಿಲ್ಲಾ ಐಸ್ ಹಾಕಿ ಸಂಘ, ಪ್ರಧಾನ ಕಚೇರಿ." ಮನೆಯ ಮುಂದಿನ ಗೋಡೆಯಲ್ಲಿ ಅಷ್ಟು ಉದ್ದದ ಜಾಗ ಇಲ್ಲದ್ದರಿಂದ ಅದನ್ನು ಎಮ್ಮೆಯ ಕೊಟ್ಟಿಗೆಯ ಮೇಲೆ ಹೊಡೆಸಿದ. ಮೊದಲು ಬಂದವರು ಐಸ್ ಕ್ಯಾಂಡಿ ಕೇಳಿಕೊಂಡು ಬಂದ ಶಾಲೆಯ ಮಕ್ಕಳು. ಆಮೇಲೆ ಅಣ್ಣಿಗೇರಿಯಿಂದ ಒಬ್ಬರು ಮಗಳ ಮದುವೆಯ ಶರಬತ್ತಿಗೆ ಐಸು ಬೇಕೆಂದು ಬಂದು, ಕೊಟ್ಟಿಗೆಯೊಳಗೆ ಇಣುಕಿ, ಎಮ್ಮೆಯನ್ನು ಕಂಡು ತಿರುಗಿ ಹೋದರು.

ಕಾರ್ಯದರ್ಶಿ ಆದದ್ದಾಯಿತು, ಆಡಲು ನೆಲ ಬೇಕಲ್ಲ. ಐಸಂತೂ ಕನಸು. ಅದಿಲ್ಲದ ಕಡೆ ಚಕ್ರದ ಬೂಟು ಹಾಕಿ ನುಣ್ಣನೆಯ ನೆಲದ ಮೇಲೆ ಆಡುತ್ತಾರೆ ಎಂದು ಬೆಂಗಳೂರಿನವರು ಹೇಳಿದ್ದರು. ಎರೆಮಣ್ಣಿನ ಕುಬಿಹಾಳದಲ್ಲಿ ನುಣ್ಣನೆಯ ನೆಲವೆಂದರೆ ಒಂದೇ, ಮೆಣಸಿನಕಾಯಿ ವ್ಯಾಪಾರಿ ಸಿದ್ಧಾರೂಢ ಸಾವಕಾರರ ಸಿಮೆಂಟಿನ ಕಣ. ಸಾವಕಾರರು ಆಟದ ವಿಷಯ ಪೂರ್ತಿ ಕೇಳಿ, ಅಧ್ಯಕ್ಷರು ಯಾರು ಎಂದು ವಿಚಾರಿಸಿದರು. ನೀವೇ ಎಂದ ಮಡಿವಾಳೆಪ್ಪ. ಹಾಗಾದರೆ ಅಡ್ಡಿಯಿಲ್ಲ ಎಂದು, ಹುಬ್ಬಳ್ಳಿಯಿಂದ ಚಕ್ರದ ಬೂಟುಗಳನ್ನೂ ತಾವೇ ತರಿಸುವುದಾಗಿ ಒಪ್ಪಿ ಒಂದು ಕರಾರು ಹಾಕಿದರು.

"ಮೆಣಸಿನಕಾಯಿ ಮೊದಲ, ಆಟ ಆಮ್ಯಾಲ. ಒಣಗಾಕ ಹಾಕಿದ್ದಕ್ಕ ಒಬ್ಬರೂ ಕಾಲು ಹಚ್ಚಂಗಿಲ್ಲ."

ಉಪಾಧ್ಯಕ್ಷ ಪ್ರಭು ಮಾಸ್ತರರು. ಕುಂದಗೋಳದಲ್ಲಿ ದೈಹಿಕ ಶಿಕ್ಷಕರಾಗಿದ್ದ ಅವರಿಗೆ ಖೋ-ಖೋದಿಂದ ಹಿಡಿದು ಚದುರಂಗದವರೆಗೆ ಎಲ್ಲದರ ನಿಯಮ ಬಾಯಿಪಾಠ. ಬ್ಯಾಂಕಿನ ಕಾವಲುಗಾರ ಕಾರ್ಯದರ್ಶಿ, ತಾನು ಬರೀ ಉಪಾಧ್ಯಕ್ಷ ಎಂಬುದು ಅವರಿಗೆ ಮೊದಲ ದಿನದಿಂದಲೂ ಗಂಟಲಲ್ಲಿ ಸಿಕ್ಕ ಮುಳ್ಳು. ಕೊರಳಲ್ಲಿ ಸೀಟಿ ಇತ್ತು. ಅದನ್ನು ಊದಲು ಕಾರ್ಯದರ್ಶಿಯ ಅಪ್ಪಣೆ ಬೇಕಾಗಿತ್ತು.

ಇನ್ನು ಆಡುವವರು. ಹುಡುಗರು ಕ್ರಿಕೆಟ್ ಬಿಟ್ಟು ಬರಲು ಒಪ್ಪಲಿಲ್ಲ. ಮಡಿವಾಳೆಪ್ಪ ಓಣಿ ಓಣಿ ತಿರುಗಿ ಬರಿಗೈಯಲ್ಲಿ ಮನೆಗೆ ಬಂದು, ಈ ಊರಿಗೆ ಕ್ರೀಡೆಯ ಗಂಧವಿಲ್ಲ ಎಂದು ತಲೆಗೆ ಕೈಹೊತ್ತು ಕೂತ. ರೊಟ್ಟಿ ಬಡಿಯುತ್ತಿದ್ದ ರೇವವ್ವ ಕೈ ನಿಲ್ಲಿಸದೆ, ಈ ಆಟದಲ್ಲಿ ಮೈಮೇಲೆ ಏನೇನು ಹಾಕಿಕೊಳ್ಳುತ್ತಾರೆ ಎಂದು ಕೇಳಿದಳು. ತಲೆಗೆ ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಎದೆಗೆ ಪಟ್ಟಿ, ಕೈಗೆ ಗವಸು, ಕಾಲಿಗೆ ದಪ್ಪನೆಯ ಕವಚ ಎಂದು ಅವನು ಒಂದೊಂದಾಗಿ ಹೇಳಿದ.

"ಅಂದ್ರ ಮಾರಿನೂ ಕಾಣಂಗಿಲ್ಲ?"

"ಕಾಣಂಗಿಲ್ಲ."

"ಮತ್ತ ಹುಡುಗ್ಯಾರ್ನ ಕರೀರಿ. ಅವ್ವಂದಿರ್ಗೆ ನಾ ಹೇಳ್ತೀನಿ."

ಸ್ವಸಹಾಯ ಗುಂಪಿನ ಹೆಂಗಸರು ಸೇರಿದಾಗ ರೇವವ್ವ ಆಟದ ಗುಣಗಾನಕ್ಕೆ ಹೋಗಲಿಲ್ಲ. ಚಡ್ಡಿ ಹಾಕಿ ಓಡುವ ಆಟ ಇದಲ್ಲ, ನೆತ್ತಿಯಿಂದ ಅಂಗಾಲಿನವರೆಗೆ ಒಂದು ಬೆರಳೂ ಹೊರಗೆ ಕಾಣುವುದಿಲ್ಲ, ಯಾರ ಮಗಳು ಆಡುತ್ತಿದ್ದಾಳೆಂಬುದು ಹೆತ್ತವರಿಗೇ ತಿಳಿಯುವುದಿಲ್ಲ ಎಂದಳು. ಮೊದಲು ಬಂದವಳು ರಾಮಪ್ಪನ ಮಗಳು ಭಾಗ್ಯಾ. ಹೈಸ್ಕೂಲು ಹುಡುಗಿ, ಎಲ್ಲಿ ಹೋದರೂ ನಡೆಯುವುದು ಗೊತ್ತಿಲ್ಲ, ಓಡಿಯೇ ಹೋಗಬೇಕು. ಅವಳ ಅಜ್ಜಿ ದುಂಡವ್ವ, ಕಾಲಿಗೆ ಗಾಲಿ ಬೇರೆ ಕಟ್ಟಿದರೆ ಇವಳನ್ನು ಹಿಡಿದು ತರುವವರು ಯಾರು ಎಂದು ಚಿಂತೆ ಮಾಡಿದಳೇ ಹೊರತು ಬೇಡ ಎನ್ನಲಿಲ್ಲ. ಭಾಗ್ಯಾಳ ಹಿಂದೆ ಅಮೃತಾ ಬಂದಳು, ರೋಹಿಣಿ ಬಂದಳು, ಆಮೇಲೆ ಕರೆಯದೆಯೂ ಬಂದರು.

ಶಿರಸ್ತ್ರಾಣ, ಕವಚ ಎಂದು ಬಾಯಲ್ಲಿ ಹೇಳಿದ್ದೇನೋ ಆಯಿತು, ತರುವುದು ಎಲ್ಲಿಂದ? ರೇವವ್ವ ಮೆಣಸಿನಕಾಯಿಯ ಖಾಲಿ ಚೀಲ ಕತ್ತರಿಸಿ, ಒಳಗೆ ಹತ್ತಿ ತುಂಬಿ, ಮೊಣಕಾಲಿಗೂ ಎದೆಗೂ ದಿಂಬಿನಂಥ ಪಟ್ಟಿಗಳನ್ನು ಹೊಲಿದಳು. ವೆಲ್ಡಿಂಗ್ ಅಂಗಡಿಯ ದಾವೂದಸಾಬರು ಕೆಟ್ಟ ಟೇಬಲ್ ಫ್ಯಾನುಗಳ ಜಾಲರಿ ಬಿಚ್ಚಿ ಮುಖಕ್ಕೆ ಕಟ್ಟುವ ಹಾಗೆ ಮಾಡಿಕೊಟ್ಟರು, ಬೋರ್‌ವೆಲ್ಲಿನ ಹಳೆಯ ಪೈಪು ಬಗ್ಗಿಸಿ ಗೋಲಿನ ಚೌಕಟ್ಟು ಬೆಸೆದರು. ಟಾಯರು ಕತ್ತರಿಸಿ ಬಿಲ್ಲೆ ಮಾಡಿದ್ದಾಯಿತು. ಹೀಗೆ ಫ್ಯಾನಿನ ಮುಖ, ಚೀಲದ ಮೈ, ಚಕ್ರದ ಕಾಲಿನ ಹುಡುಗಿಯರು ಮೊದಲ ಸಲ ಕಣಕ್ಕೆ ಇಳಿದಾಗ, ಅಲ್ಲಿ ಬಿಸಿಲು ಕಾಯುತ್ತಿದ್ದ ಊರಿನ ನಾಯಿಗಳು ಮತ್ತೆ ಆ ಕಡೆ ಸುಳಿಯಲಿಲ್ಲ.

ಅರ್ಧ ಕಣದಲ್ಲಿ ಮೆಣಸಿನಕಾಯಿ, ಅರ್ಧದಲ್ಲಿ ಆಟ. ಚಕ್ರ ತಿರುಗಿದ ಹಾಗೆ ಘಾಟು ಏಳುತ್ತಿತ್ತು. ಕಾಯಿ ಬಿಡಿಸಿ, ಚೀಲ ತುಂಬಿ ಬೆಳೆದ ಹುಡುಗಿಯರಿಗೆ ಅದೇನೂ ಹೊಸದಲ್ಲ. ಆದರೆ ಬೆಂಗಳೂರಿನ ತಂಡ ಸ್ನೇಹದ ಪಂದ್ಯಕ್ಕೆಂದು ಬಂದಾಗ ಕತೆ ಬೇರೆಯಾಯಿತು. ಅವರು ಒಳ್ಳೆಯ ಬೂಟು, ಒಳ್ಳೆಯ ಕೋಲು, ಹೆಸರು ಬರೆದ ಅಂಗಿ ಎಲ್ಲ ಹಾಕಿಕೊಂಡು ಬಂದಿದ್ದರು. ಸೀಟಿ ಊದಿದ ಸ್ವಲ್ಪ ಹೊತ್ತಿಗೆ ಅವರ ಗೋಲು ಕಾಯುವವಳು ಸೀನಲು ಶುರು ಮಾಡಿದಳು. ಅವಳಿಂದ ಅದು ಇಡೀ ತಂಡಕ್ಕೆ ಹಬ್ಬಿತು. ಒಬ್ಬಳು ಕಣ್ಣೊರೆಸಲು ಗವಸು ತೆಗೆದು, ಅದೇ ಕೈಯಲ್ಲಿ ನೆಲ ಮುಟ್ಟಿ ಎದ್ದು, ಮತ್ತೆ ಕಣ್ಣೊರೆಸಿಕೊಂಡು ನೀರಿನ ತೊಟ್ಟಿಯ ಕಡೆ ಓಡಿದಳು. ಭಾಗ್ಯಾ ಅಡ್ಡಬರುವವರಿಲ್ಲದೆ ಗೋಲಿನ ಮೇಲೆ ಗೋಲು ಹೊಡೆದಳು. ಸಾವಕಾರರು ತಮ್ಮ ಮಾಲಿನ ಖಾರ ಎಂಥದ್ದೆಂಬುದು ರಾಜಧಾನಿಗೆ ತಿಳಿಯಿತೆಂದು ಹಿಗ್ಗಿದರು.

ಬೆಂಗಳೂರಿನವರು ದೂರು ಕೊಟ್ಟರು. ಮೈದಾನದಲ್ಲಿ ಮೆಣಸಿನಕಾಯಿ ಇರಬಹುದೇ ಎಂದು ರಾಜ್ಯ ಸಂಘದವರು ನಿಯಮ ಹುಡುಕಿದರು. ಐಸ್ ಹಾಕಿಯ ನಿಯಮ ಬರೆದ ಯಾರಿಗೂ ಆ ಸಂಶಯ ಬಂದಿರಲಿಲ್ಲ. ಪ್ರಭು ಮಾಸ್ತರರು ಇದನ್ನೇ ಕಾಯುತ್ತಿದ್ದವರ ಹಾಗೆ ಎದ್ದು ನಿಂತು, ಜಿಲ್ಲೆಯ ಮರ್ಯಾದೆ ಹೋಯಿತು, ಕಾರ್ಯದರ್ಶಿ ರಾಜೀನಾಮೆ ಕೊಡಬೇಕು ಎಂದರು. ಮಡಿವಾಳೆಪ್ಪ ಕೊಡಲಿಲ್ಲ. ಮಾಸ್ತರರು ಕುಂದಗೋಳದಲ್ಲಿ ಬೇರೆ ಸಂಘ ಕಟ್ಟಿ "ನೈಜ ಧಾರವಾಡ ಜಿಲ್ಲಾ ಐಸ್ ಹಾಕಿ ಸಂಘ" ಎಂದು ಬ್ಯಾನರು ಹಾಕಿದರು. ಮಡಿವಾಳೆಪ್ಪ ತನ್ನ ಬೋರ್ಡಿಗೆ "ಮೂಲ" ಎಂದು ಸೇರಿಸಿದ. ಗೋಲಿನ ಚೌಕಟ್ಟು ಕುಬಿಹಾಳದಲ್ಲಿ ಉಳಿಯಿತು, ಅದಕ್ಕೆ ಕಟ್ಟಿದ್ದ ಜಾಳಿಗೆ ಕುಂದಗೋಳಕ್ಕೆ ಹೋಯಿತು. ಅಮೃತಾ, ರೋಹಿಣಿ ಮಾಸ್ತರರ ಶಾಲೆಯವರಾದ್ದರಿಂದ ಆ ಕಡೆ, ಭಾಗ್ಯಾ ಈ ಕಡೆ. ನೀವು ಒಂದಾಗುವ ತನಕ ನಿಮ್ಮಲ್ಲಿ ಯಾರನ್ನೂ ಒಪ್ಪುವುದಿಲ್ಲ ಎಂದರು ರಾಜ್ಯದವರು. ಕಾರ್ಯದರ್ಶಿಗಳಿಬ್ಬರು, ಆಡಲು ತಂಡವೇ ಇಲ್ಲ. ಭಾಗ್ಯಾ ಚಕ್ರದ ಬೂಟು ಹಾಕಿಕೊಂಡು ಹಿಟ್ಟಿನ ಗಿರಣಿಗೆ ಹೋಗಿ ಬರುತ್ತಿದ್ದಳು.

ಮಡಿವಾಳೆಪ್ಪ ಹೊರಗೆ ಮೀಸೆ ತಿರುವಿದರೂ ಒಳಗೆ ಸೊರಗಿದ್ದ. ಲಡಾಖಿನಲ್ಲಿ ಎದೆಗೆ ಬಿಲ್ಲೆ ಬಡಿದಾಗ ನೋವು ಎಲ್ಲಿದೆ ಎಂದಾದರೂ ತಿಳಿಯುತ್ತಿತ್ತು. ಇದು ಎಲ್ಲಿ ನೋಯುತ್ತದೆಂದೇ ಗೊತ್ತಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಗಾಬೋರ್ ಅವರ ಸಂದೇಶ ಬಂತು. ಪ್ರತಿ ಯುಗಾದಿಗೂ ಮಡಿವಾಳೆಪ್ಪ ಅವರಿಗೆ ವಾಟ್ಸಪ್ಪಿನಲ್ಲಿ ಬೇವು ಬೆಲ್ಲದ ಚಿತ್ರ ಕಳಿಸುತ್ತಿದ್ದ, ಸಂಘ ಕಟ್ಟಿದ್ದನ್ನೂ ತಿಳಿಸಿದ್ದ. ಒಡೆದದ್ದನ್ನು ತಿಳಿಸಿರಲಿಲ್ಲ. ಈ ಸಲ ಲಡಾಖಿನ ಕೆಲಸ ಮುಗಿಸಿ ವಿಶ್ರಾಂತಿಗೆ ಗೋವಾಕ್ಕೆ ಬರುತ್ತಿದ್ದೇನೆ, ಅಲ್ಲಿಂದ ರೈಲು ಹತ್ತಿ ನನ್ನ ಹಳೆಯ ಗೋಡೆಯನ್ನೂ ಅವನ ಸಂಘವನ್ನೂ ನೋಡಿಕೊಂಡು ಹೋಗುತ್ತೇನೆ ಎಂದು ಅವರು ತಿಳಿಸಿದ್ದರು.

ಊರಲ್ಲಿ ಸುದ್ದಿ ಹಬ್ಬಿತು. ಭೀಮಶಿ ಕಾಕಾ ಚಹಾದಂಗಡಿಯಲ್ಲಿ ಮಡಿವಾಳೆಪ್ಪನನ್ನು ಹಿಡಿದು ವಿಚಾರಣೆಗೆ ಕೂತರು.

"ಹಂಗೇರಿ ಎಲ್ಲಿ ಬರ್ತೈತೋ? ಅಣ್ಣಿಗೇರಿ ಬಾಜೂಕನ?"

"ಭಾಳ ದೂರ ಐತಿ, ಕಾಕಾ. ಅಣ್ಣಿಗೇರಿ ದಾಟಿ ಹೋಗ್ಬೇಕು."

"ಗದಗ ದಾಟಿ?"

"ಅದನ್ನೂ ದಾಟಿ."

ಅದನ್ನೂ ದಾಟಿದ ಮೇಲೆ ಕಾಕಾ ಆ ಊರಿನ ಚಿಂತೆ ಬಿಟ್ಟರು. ಗಾಬೋರ್ ಎಂಬ ಹೆಸರು ಮಾತ್ರ ಅವರ ಬಾಯಲ್ಲಿ ತಿರುಗದೆ ಗಾಬರಿ ಸಾಹೇಬ ಎಂದಾಯಿತು. ಊರಿಗೂ ಅದೇ ಸಲೀಸಾಯಿತು.

ಹುಬ್ಬಳ್ಳಿ ಸ್ಟೇಷನ್ನಿಗೆ ಎರಡೂ ಸಂಘಗಳು ಹೋದವು. ಗಾಬರಿ ಸಾಹೇಬರು ರೈಲಿನಿಂದ ಇಳಿದದ್ದೇ ಬಲಗಡೆಯಿಂದ ಮಡಿವಾಳೆಪ್ಪ, ಎಡಗಡೆಯಿಂದ ಪ್ರಭು ಮಾಸ್ತರರು ಹಾರ ಹಾಕಿದರು. ಒಂದು ಚೀಲ ಇವನ ಕೈಗೆ ಬಂತು, ಇನ್ನೊಂದು ಅವರ ಕೈಗೆ ಹೋಯಿತು. ಅತಿಥಿ ಯಾರ ಜೀಪಿನಲ್ಲಿ ಕೂರಬೇಕೆಂಬ ವಾದ ಶುರುವಾಗಿ, ಮೂಲ ಯಾವುದು, ನೈಜ ಯಾವುದು ಎಂಬಲ್ಲಿಗೆ ಹೋಗಿ, ಪೋರ್ಟರುಗಳೂ ಎರಡು ಪಕ್ಷವಾದರು. ಗಂಡನ ಜೊತೆ ಬಂದಿದ್ದ ರೇವವ್ವ ಸ್ವಲ್ಪ ಹೊತ್ತು ನೋಡಿದಳು. ಹಾರಗಳ ನಡುವೆ ಬೆವರುತ್ತಿದ್ದ ಆ ಬಿಳಿಯ ಮನುಷ್ಯನಿಗೆ, ಉಣ್ಣುವ ಸನ್ನೆ ಮಾಡಿ ತೋರಿಸಿ, "ಬರ್ರಿ" ಎಂದಳು. ಅವರು ಬಂದರು. ಅವರೂ ರೇವವ್ವನೂ ಹೊರಗೆ ನಿಂತಿದ್ದ ಬಸ್ಸು ಹತ್ತಿದರು. ಇಬ್ಬರು ಕಾರ್ಯದರ್ಶಿಗಳು ತಿರುಗಿ ನೋಡಿದಾಗ ಅವರವರ ಕೈಯಲ್ಲಿ ಒಂದೊಂದು ಚೀಲವಿತ್ತು, ಚೀಲದ ಯಜಮಾನ ಇರಲಿಲ್ಲ.

ಕುಂದಗೋಳದಿಂದ ಟಂಟಂ ರಿಕ್ಷಾ ಹಿಡಿದು ರೇವವ್ವ ಅವರನ್ನು ಕುಬಿಹಾಳಕ್ಕೆ ತಂದಾಗ ಬಿಸಿಲು ಏರಿತ್ತು. ಕಣದ ಹತ್ತಿರ ಬರುತ್ತಲೇ ಗಾಬರಿ ಸಾಹೇಬರು ಗಾಡಿ ನಿಲ್ಲಿಸಲು ಹೇಳಿದರು. ಕೆಂಪಗೆ ಹಾಸಿದ ಮೆಣಸಿನಕಾಯಿಯ ಎದುರು ಬಂದು ನಿಂತರು. ಒಂದು ಕಾಯಿ ಎತ್ತಿ ಮುರಿದು ಮೂಸಿದರು. ಹಿಂದಿನಿಂದ ಜೀಪಿನಲ್ಲಿ ಧೂಳೆಬ್ಬಿಸಿಕೊಂಡು ಬಂದ ಮಡಿವಾಳೆಪ್ಪನಿಗೆ ಅವರು ಏನೋ ಹೇಳಿದರು. ಅವನು ತನ್ನ ಮಿಲ್ಟ್ರಿ ಇಂಗ್ಲಿಷಿನ ಬಲದಿಂದ ಅದನ್ನು ಕಣದಲ್ಲಿದ್ದ ಸಾವಕಾರರಿಗೆ ಕನ್ನಡ ಮಾಡಿದ. ಸಾಹೇಬರ ಅಜ್ಜಿಯ ಊರಲ್ಲೂ ಕೆಂಪು ಮೆಣಸಿನಕಾಯಿಯದೇ ಬೇಸಾಯವಂತೆ. ಸರ ಕಟ್ಟಿ ಮನೆಯ ಗೋಡೆಗೆಲ್ಲ ತೂಗಿಬಿಡುತ್ತಿದ್ದರಂತೆ. ಅಜ್ಜಿ ತೀರಿಕೊಂಡ ಮೇಲೆ ಇದೇ ಮೊದಲ ಸಲ ಈ ವಾಸನೆ ಬಂತಂತೆ.

ಸಾವಕಾರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಪರದೇಶದಲ್ಲೂ ತಮ್ಮ ಕಸುಬಿನ ಮನುಷ್ಯರಿದ್ದಾರೆಂಬುದು ಅವರ ಮನಸ್ಸಿಗೆ ತಟ್ಟಿತ್ತು. ಸಾಹೇಬರ ಕೈ ಹಿಡಿದು, ಅಜ್ಜಿಯ ಕಾಯಿ ಗಿಡ್ಡವೋ ಉದ್ದವೋ, ತೊಟ್ಟು ಬಿಡಿಸುತ್ತಿದ್ದರೋ ಇಲ್ಲವೋ ಎಂದು ಒಂದೇ ಸಮನೆ ಕೇಳಿದರು. ಮನೆಯಲ್ಲಿ ರೇವವ್ವ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿಯ ಚಟ್ನಿ ಬಡಿಸಿದಳು. ಸಾಹೇಬರ ಕಣ್ಣಲ್ಲೂ ಮೂಗಲ್ಲೂ ನೀರು ಸುರಿಯಿತು. ಸುರಿಯುತ್ತಲೇ ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಸಮಾರಂಭ ಇಳಿಹೊತ್ತಿಗೆ, ಕಣದ ಒಂದು ಬದಿಗೆ. ಒಂದೇ ವೇದಿಕೆಯ ಹಿಂದೆ ಎರಡೂ ಬ್ಯಾನರು ಕಟ್ಟುವುದೆಂದು ಸಾವಕಾರರು ರಾಜಿ ಮಾಡಿಸಿದ್ದರು. ಗಾಳಿ ಬಂದಾಗ ನೈಜ ಹಾರಿ ಮೂಲದ ಮೇಲೆ ಬೀಳುತ್ತಿತ್ತು. ಸ್ವಾಗತ ಭಾಷಣವಾಯಿತು, ಪ್ರಾಸ್ತಾವಿಕವಾಯಿತು. ಮಡಿವಾಳೆಪ್ಪ ಜೀವಮಾನದಲ್ಲಿ ಮೊದಲ ಸಲ ವೇದಿಕೆಯ ಕುರ್ಚಿಯಲ್ಲಿ, ಬ್ಯಾಂಕಿನ ಸಮವಸ್ತ್ರಕ್ಕೆ ಇಸ್ತ್ರಿ ಹೊಡೆದು ಕುಳಿತಿದ್ದ. ಇದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದ. ಕುರ್ಚಿಯ ಒಂದು ಕಾಲು ಗಿಡ್ಡವಾಗಿ ಅವನು ಆ ಕಡೆ ಈ ಕಡೆ ತೂಗುತ್ತಿದ್ದ. ಪ್ರಭು ಮಾಸ್ತರರು ಕ್ರೀಡೆ ಮತ್ತು ಶಿಸ್ತು ಎಂಬ ವಿಷಯಕ್ಕೆ ಕೈ ಹಾಕಿದಾಗ ಗಾಬರಿ ಸಾಹೇಬರು ಅವನ ಕಡೆ ಬಾಗಿ, ಆಡುವವರು ಎಲ್ಲಿದ್ದಾರೆ ಎಂದು ಕೇಳಿದರು.

ಹುಡುಗಿಯರು ವೇದಿಕೆಯ ಹಿಂದೆ, ಫ್ಯಾನಿನ ಜಾಲರಿ ಮಡಿಲಲ್ಲಿಟ್ಟುಕೊಂಡು ಎರಡು ಗುಂಪಾಗಿ ಕೂತಿದ್ದರು. ಎಲ್ಲ ಭಾಷಣ ಮುಗಿದ ಮೇಲೆ ಅವರು ಸಾಹೇಬರಿಗೆ ನಮಸ್ಕಾರ ಮಾಡಿ ಹೋಗುವುದೆಂದು ಗೊತ್ತಾಗಿತ್ತು. ಸಾಹೇಬರು ಎದ್ದು ವೇದಿಕೆ ಇಳಿದರು. ಮಾಸ್ತರರು ಶಿಸ್ತಿನ ನಡುವೆಯೇ ನಿಂತರು. ಚೀಲದ ಪಟ್ಟಿಗಳನ್ನು ಮುಟ್ಟಿ ನೋಡಿ, ಜಾಲರಿಯೊಂದನ್ನು ತಮ್ಮ ಮುಖಕ್ಕೇ ಹಿಡಿದು ನೋಡಿ, ಸಾಹೇಬರು ಹುಡುಗಿಯರಿಗೆ ಕಣ ತೋರಿಸಿದರು. ಕಣದ ತುಂಬ ಮೆಣಸಿನಕಾಯಿ. ಎಲ್ಲರೂ ಸಾವಕಾರರ ಮುಖ ನೋಡಿದರು. ಸಾವಕಾರರು ಒಂದು ಗಳಿಗೆ ತಡೆದರು. ಆಮೇಲೆ ಧೋತರ ಮೇಲಕ್ಕೆ ಕಟ್ಟಿ, ಹಲಗೆ ಹಿಡಿದು, ತಾವೇ ಕಾಯಿ ಬದಿಗೆ ತಳ್ಳತೊಡಗಿದರು.

ಚೌಕಟ್ಟು ಒಂದೇ ಇತ್ತು. ಒಂದು ಕಡೆ ಅದು, ಇನ್ನೊಂದು ಕಡೆ ಎರಡು ಚೀಲ. ಒಂದು ಗೋಲಿಗೆ ಮಡಿವಾಳೆಪ್ಪ, ಇನ್ನೊಂದಕ್ಕೆ ಪ್ರಭು ಮಾಸ್ತರರು ಎಂದರು ಸಾಹೇಬರು. ಇಬ್ಬರಿಗೂ ಇಲ್ಲ ಎನ್ನಲು ನಾಚಿಕೆ. ಪಟ್ಟಿಗಳೆಲ್ಲ ಹುಡುಗಿಯರ ಮೈಮೇಲಿದ್ದುದರಿಂದ ಇಬ್ಬರೂ ಇದ್ದ ಬಟ್ಟೆಯಲ್ಲೇ ನಿಂತರು. ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ದೂರದಿಂದ ನೋಡಿಕೊಂಡಿದ್ದ ಹುಡುಗಿಯರು ಕುಂದಗೋಳ, ಕುಬಿಹಾಳ ಎಂದು ನೋಡದೆ ಕಲೆತುಹೋದರು. ಭಾಗ್ಯಾ ತಳ್ಳಿದ್ದನ್ನು ಅಮೃತಾ ಹಿಡಿದು ಮಾಸ್ತರರ ಕಾಲಸಂದಿಯಿಂದ ಗೋಲು ಮಾಡಿದಳು. ರೋಹಿಣಿ ಹೊಡೆದದ್ದು ಮಡಿವಾಳೆಪ್ಪನ ಮುಂಗಾಲಿನ ಎಲುಬಿಗೆ ಬಡಿದು ನಿಂತಿತು. ಕಣ್ಣಲ್ಲಿ ನಕ್ಷತ್ರ ಕಂಡರೂ ಅವನಿಗೆ ಬಹಳ ದಿನದ ಮೇಲೆ ಮೈ ಹಗುರಾಯಿತು. ಅವನು ಬಗ್ಗಿ, ತೋಳು ಅಗಲಿಸಿ, "ಹೊಡೀರಿ" ಎಂದು ಕೂಗಿದ. ಹೊಡೆದರು. ಬಡಿದದ್ದೆಲ್ಲ ನಿಂತಿತು. ಕೊನೆಗೆ ಭಾಗ್ಯಾ ಸುತ್ತು ಹಾಕಿ ಹಿಂದಿನಿಂದ ಬಂದು, ಅವನು ತಿರುಗುವುದರೊಳಗೆ ಬಿಲ್ಲೆಯನ್ನು ಒಳಗೆ ಇಟ್ಟು ಹೋದಳು. ಭಾಷಣ ಕೇಳಲು ಬಂದು ತೂಕಡಿಸುತ್ತಿದ್ದ ಊರು ಎದ್ದು ನಿಂತಿತ್ತು.

ಆಟ ಮುಗಿದ ಮೇಲೆ ಮೂಲ, ನೈಜ ಎರಡೂ ಸಂಘದ ಕಾರ್ಯದರ್ಶಿಗಳು ಒಂದೇ ಚೀಲದ ಮೇಲೆ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದರು. ರೇವವ್ವ ಅರಿಶಿನ ಎಣ್ಣೆ ಬಿಸಿ ಮಾಡಿ ತಂದಳು. ಸಾಹೇಬರು ಎದುರಿಗೆ ಕೂತು ಒಂದೊಂದೇ ಪ್ರಶ್ನೆ ಕೇಳಿದರು. ಈ ಪಟ್ಟಿ ಹೊಲಿದವರು ಯಾರು? ಮನೆಯವರು ಎಂದ ಮಡಿವಾಳೆಪ್ಪ. ಹುಡುಗಿಯರನ್ನು ಕೂಡಿಸಿದವರು? ಅವರೇ. ನನ್ನನ್ನು ಸ್ಟೇಷನ್ನಿನಿಂದ ಇಲ್ಲಿಗೆ ತಂದದ್ದು ನನಗೇ ಗೊತ್ತಿದೆ, ಎಂದು ಸಾಹೇಬರು ನಕ್ಕು, ಹಾಗಾದರೆ ಕಾರ್ಯದರ್ಶಿ ಏನು ಮಾಡುತ್ತಾನೆ ಎಂದರು. ಮಡಿವಾಳೆಪ್ಪನಿಗೆ ಬೋರ್ಡು ಬರೆಸಿದ್ದು ಮಾತ್ರ ನೆನಪಾಯಿತು. ಮೊದಲು ಮಾತಾಡಿದವರು ಪ್ರಭು ಮಾಸ್ತರರು.

"ಇವರ ಕೈಯಾಗ ನಾ ಕೆಲಸ ಮಾಡಂಗಿಲ್ಲ, ಖರೆ ಹೇಳ್ತೀನಿ. ವೈನಿಯವ್ರು ಕಾರ್ಯದರ್ಶಿ ಆಗ್ತಾರಂದ್ರ ನಂದೇನೂ ತಕರಾರಿಲ್ಲ."

ಎಲ್ಲರೂ ರೇವವ್ವನ ಕಡೆ ತಿರುಗಿದರು. ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟು ಗಂಡನನ್ನು ನೋಡಿದಳು.

"ನನಗ ಕುಂದ್ರಾಕ ಪುರಸೊತ್ತಿಲ್ರಿ. ನಿಂತ ಮಾಡೂ ಕೆಲಸ ಇದ್ರ ಹೇಳ್ರಿ."

ಮಡಿವಾಳೆಪ್ಪ ಎದ್ದು, ಕುಂಟುತ್ತ ಕೊಟ್ಟಿಗೆಯ ಕಡೆ ಹೋದ. ಅವನಿಗೆ ಅಳು ಬಂದಿರಲಿಲ್ಲ, ಆದರೆ ಮುಖ ತೋರಿಸುವಂತೆಯೂ ಇರಲಿಲ್ಲ. ಹೆಂಡತಿಯ ಮೇಲೆ ಸಿಟ್ಟಾಗಲು ನೋಡಿದ, ಕಾರಣ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಬರಿ ಸಾಹೇಬರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. ತಾವು ಕುರ್ಚಿಗೆ ಹೋದದ್ದು ಮೊಣಕಾಲು ಕೆಟ್ಟದ್ದಕ್ಕೆ, ಇಲ್ಲದಿದ್ದರೆ ಈಗಲೂ ಆಡುತ್ತಿದ್ದೆ ಎಂದರು. ನಿನ್ನ ಮೊಣಕಾಲು ಚೆನ್ನಾಗಿದೆಯಲ್ಲ, ಮತ್ತೇಕೆ ಅವಸರ ಎಂದು ಕೇಳಿದರು. ಮಡಿವಾಳೆಪ್ಪ ಪ್ಯಾಂಟು ಮೇಲೆತ್ತಿ ಬಾತುಕೊಂಡ ಕಾಲನ್ನು ನೋಡಿದ. ರೋಹಿಣಿಯ ಹೊಡೆತ ಬಿದ್ದಲ್ಲಿ ನೀಲಿ ಕಟ್ಟಿತ್ತು. ಆ ಹುಡುಗಿಗೆ ಇನ್ನೂ ಸ್ವಲ್ಪ ಕೆಳಗೆ ಹೊಡೆಯಲು ಕಲಿಸಬೇಕು ಎನಿಸಿತು. ಹಾಗೆ ಅನಿಸಿದ ಮೇಲೆ ಅವನಿಗೆ ಅಲ್ಲಿ ಕೂತಿರಲು ಆಗಲಿಲ್ಲ.

ರೇವವ್ವ ಕಾರ್ಯದರ್ಶಿಯಾದಳು. ಎರಡೂ ಬ್ಯಾನರು ಇಳಿಸಿ ಮೆಣಸಿನಕಾಯಿಗೆ ಹೊದಿಸಲು ಕೊಟ್ಟಳು. ಭಾಷಣವಿದ್ದರೆ ಆಟ ಮುಗಿದ ಮೇಲೆ, ಕೇಳುವವರು ಉಳಿದಿದ್ದರೆ ಮಾತ್ರ ಎಂದು ಗೊತ್ತು ಮಾಡಿದಳು. ಹೊರಗಿನ ತಂಡ ಬರುವ ಹಿಂದಿನ ದಿನ ಕಣ ತೊಳೆಯಬೇಕೆಂದಳು. ಸಾವಕಾರರು ತೊಳೆಸಿದರು. ರಾಜ್ಯದವರ ಒಪ್ಪಿಗೆ ಬಂತು. ಸೀಟಿ ಪ್ರಭು ಮಾಸ್ತರರದು, ಯಾರನ್ನೂ ಕೇಳದೆ ಊದಬಹುದು. ಮಡಿವಾಳೆಪ್ಪ ಬ್ಯಾಂಕಿನಿಂದ ಬಂದದ್ದೇ ಗೋಲಿಗೆ ನಿಲ್ಲುತ್ತಾನೆ, ಬೀಳುವುದು ಹೇಗೆ, ಎದ್ದು ಅಡ್ಡ ಬರುವುದು ಹೇಗೆ ಎಂದು ಹುಡುಗಿಯರಿಗೆ ಕಲಿಸುತ್ತಾನೆ.

ಮರು ಚಳಿಗಾಲಕ್ಕೆ ಭಾಗ್ಯಾಳೂ ಅಮೃತಾಳೂ ಲಡಾಖಿನ ಶಿಬಿರಕ್ಕೆ ಆಯ್ಕೆಯಾದರು. ದುಂಡವ್ವ ಮೊಮ್ಮಗಳಿಗೆ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕರೆದುಕೊಂಡು ಹೋದ ಮಡಿವಾಳೆಪ್ಪ, ಮೊದಲ ದಿನ ಭಾಗ್ಯಾ ಐಸಿನ ಮೇಲೆ ಎಷ್ಟು ಸಲ ಬಿದ್ದಳೆಂದು ಅಜ್ಜಿಗೆ ಫೋನಿನಲ್ಲಿ ಹೇಳಲಿಲ್ಲ. ಶಿಬಿರದ ಕೊನೆಗೆ ಅವಳನ್ನು ರಾಜ್ಯದ ತಂಡಕ್ಕೆ ಆರಿಸಿದ್ದನ್ನು ಮಾತ್ರ ಹೇಳಿದ. ದುಂಡವ್ವ, ಅಲ್ಲಿಯಾದರೂ ಹುಡುಗಿ ನಡೆಯುತ್ತಾಳೋ ಎಂದು ಕೇಳಿದಳು.

ಮೊನ್ನೆ ರೇವವ್ವ ಬೆಂಗಳೂರಿಗೆ ರಾಜ್ಯ ಸಂಘದ ಸಭೆಗೆ ಹೋಗಿದ್ದಳು. ಅಲ್ಲಿ ಶಾಲು ಹೊದಿಸಲು ಬಂದವರಿಗೆ, ಶಾಲು ಬೇಡ, ನಿಮ್ಮ ಮಕ್ಕಳು ಬಳಸಿ ಬಿಟ್ಟ ಚಕ್ರದ ಬೂಟು ಇದ್ದರೆ ಕೊಡಿ ಎಂದಳಂತೆ. ಒಂದು ದೊಡ್ಡ ಗೋಣಿಚೀಲದ ತುಂಬ ಬೂಟುಗಳನ್ನು ರೈಲಿನಲ್ಲಿ ಹಾಕಿಕೊಂಡು ಬಂದಳು. ಕಣದಲ್ಲಿ ಸುರುವಿದಾಗ ಹುಡುಗಿಯರು ಮುಗಿಬಿದ್ದರು. ಬಲಗಾಲಿನದು ಸಿಕ್ಕವಳಿಗೆ ಎಡಗಾಲಿನದು ಇನ್ನೊಬ್ಬಳ ಕೈಯಲ್ಲಿ. ಕೊನೆಗೆ ಮಡಿವಾಳೆಪ್ಪನೂ ಪ್ರಭು ಮಾಸ್ತರರೂ ನೆಲಕ್ಕೆ ಕೂತು ಜೋಡಿ ಹುಡುಕಿದರು. ಎಲ್ಲ ಹಂಚಿದ ಮೇಲೆ ಎಡಗಾಲಿನ ಬೂಟು ಒಂದೇ ಒಂದು ಉಳಿಯಿತು. ಅದನ್ನು ಏನು ಮಾಡುವುದೆಂದು ಇಬ್ಬರೂ ಕಾರ್ಯದರ್ಶಿಯ ಮುಖ ನೋಡಿದರು.

"ಇಟ್ಟಿರ್ರಿ," ಎಂದಳು ರೇವವ್ವ, ಕಣದ ಕಸ ಗುಡಿಸುತ್ತ. "ಯಾರ್ದರ ಎಡಗಾಲಿಂದು ಒಂದು ಹರೀತೈತಿ."